ಕತ್ತೆಯ ಚಿತ್ರದ ಕೊನೆ

ಬಸ್ಸು ಹೊಳಲ್ಕೆರೆ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಅಷ್ಟರಲ್ಲಿ ಬೃಂದಾ ಮೂರು ಸಲ ಬ್ಯಾಗಿನ ಜಿಪ್ ಎಳೆದು ಒಳಗೆ ಕೈಹಾಕಿ ನೋಡಿದ್ದಳು. ಡಬ್ಬಿ ಇದ್ದಲ್ಲೇ ಇತ್ತು. ಡಬ್ಬಿಗೇನು ಕಾಲು ಬರುತ್ತದೆಯೇ ಎಂದು ತನ್ನನ್ನೇ ಗದರಿಕೊಂಡು ಕೈ ತೆಗೆದರೆ, ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಕೈ ತಾನಾಗಿ ಮತ್ತೆ ಜಿಪ್ಪಿನ ಮೇಲೆ. ಪಕ್ಕದಲ್ಲಿ ಕೂತಿದ್ದ ಬಿ.ದುರ್ಗದ ಹೆಂಗಸು ಇದನ್ನೆಲ್ಲ ಗಮನಿಸಿ, ಒಳಗೆ ಬಂಗಾರ ಇರಬೇಕೆಂದು ತೀರ್ಮಾನ ಮಾಡಿ, ಬ್ಯಾಗನ್ನು ಕಿಟಕಿಯ ಕಡೆ ಇಟ್ಟುಕೊಳ್ಳುವಂತೆ ಸಣ್ಣ ದನಿಯಲ್ಲಿ ಬುದ್ಧಿ ಹೇಳಿದಳು. ಬೃಂದಾ ಹಾಗೇ ಮಾಡಿದಳು. ಬಂಗಾರವಲ್ಲ, ಒಂದು ಮಾರುದ್ದ ಸಿನಿಮಾ ಫಿಲ್ಮು, ಅದೂ ಕಾರ್ಟೂನಿನದು ಎಂದು ಹೇಳಿದ್ದರೆ ಆ ಮುಖ ಹೇಗಾಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಐವತ್ತೆರಡು ವರ್ಷದ ಬಾಳಿನಲ್ಲಿ ಅಂಥ ಮುಖಗಳನ್ನು ಬೇಕಾದಷ್ಟು ನೋಡಿದ್ದಳು. ಡಬ್ಬಿಯ ಜೊತೆಗೆ ಬ್ಯಾಗಿನಲ್ಲಿ ಟೈಪು ಮಾಡಿಸಿದ ಒಂದು ಹಾಳೆಯೂ ಇತ್ತು. ಹಿರಿಯೂರಿಗೆ ಹೋಗಿ, ಅಲ್ಲಿ ಹಿಂದೆ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಪರಮೇಶ್ವರಪ್ಪನವರ ಸಹಿಯನ್ನು ಆ ಹಾಳೆಗೆ ಹಾಕಿಸಿಕೊಂಡು ಬರುವುದು, ಇವತ್ತಿನ ಕೆಲಸ ಅಷ್ಟೇ. ಅಷ್ಟು ಸಣ್ಣ ಕೆಲಸಕ್ಕೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ ಎಂಬುದನ್ನು ಮಾತ್ರ ಅವಳು ಕೇಳಿಕೊಳ್ಳುತ್ತಿರಲಿಲ್ಲ. ಮಿಕ್ಕಿದ್ದನ್ನೆಲ್ಲ ಕೇಳಿಕೊಳ್ಳುವ ಹೆಂಗಸು ಅವಳು.

ಅವಳು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಡ್ರಾಯಿಂಗ್ ಟೀಚರೆಂದರೆ ಶಾಲೆಯಲ್ಲಿ ಏನು ಬೆಲೆ ಎಂದು ಡ್ರಾಯಿಂಗ್ ಟೀಚರುಗಳಿಗೇ ಗೊತ್ತು. ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಅವಳ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ; ಶಾಸಕರು ಬಂದರೆ ಬ್ಯಾನರು ಬರೆಯಲಿಕ್ಕೆ ಅವಳೇ ಬೇಕು, ವೇದಿಕೆಯ ಮೇಲಿನ ಕುರ್ಚಿಗಳ ಲೆಕ್ಕದಲ್ಲಿ ಅವಳಿಲ್ಲ. ವ್ಯಾಯಾಮದ ಮಾಸ್ತರ ಯೋಗೇಶ್ ಅವಳನ್ನು ಎದುರಿಗೇ ಕಾರ್ಟೂನ್ ಮೇಡಂ ಎನ್ನುತ್ತಾನೆ. ಒಮ್ಮೆ ಸ್ಟಾಫ್ ರೂಮಿನಲ್ಲಿ, ಯಾವುದೋ ಹುರುಪಿನಲ್ಲಿ, ಫೋನು ತೆಗೆದು ಒಂದೇ ಕಾರ್ಟೂನಿನ ಎರಡು ಶೀರ್ಷಿಕೆಗಳನ್ನು ಅಕ್ಕಪಕ್ಕ ಇಟ್ಟು, ಹಿನ್ನೆಲೆಯ ನೀಲಿಯಲ್ಲಿರುವ ವ್ಯತ್ಯಾಸವನ್ನು ತೋರಿಸಹೋಗಿದ್ದಳು. ಎಲ್ಲರೂ ತಾಳ್ಮೆಯಿಂದ ನೋಡಿದ್ದರು. ಆಮೇಲೆ ಸಮಾಜ ವಿಜ್ಞಾನದವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಮನೆಯಲ್ಲಿ ಮೊಮ್ಮಕ್ಕಳಿದ್ದಾರಾ ಎಂದು ಕೇಳಿದ್ದರು. ಅವಳಿಗೆ ಆಗ ನಲವತ್ತೆಂಟು. ಅವಮಾನವಾಗಿತ್ತು, ಆದರೆ ಆ ಸಂಜೆ ಮನೆಗೆ ಬಂದವಳೇ ಮತ್ತೆ ಅದೇ ನೀಲಿಯನ್ನು ನೋಡುತ್ತ ಕೂತಿದ್ದಳು. ಗಂಡ ಲಕ್ಷ್ಮೀಕಾಂತ್ ಕುಕ್ಕರು ಕೂಗಿದ್ದನ್ನು ತಾನೇ ಎದ್ದು ಹೋಗಿ ಆರಿಸಿ, ಇವತ್ತು ಯಾವ ಬಣ್ಣ ಎಂದು ಕೇಳಿದ್ದ.

ಅವಳಿಗೆ ಕಣ್ಣು ಮೊದಲು ಹೋಗುವುದೇ ಶುರುವಿಗೆ ಮತ್ತು ಕೊನೆಗೆ. ಲಗ್ನಪತ್ರಿಕೆ ಬಂದರೆ ಗಂಡು ಹೆಣ್ಣಿನ ಹೆಸರಿಗಿಂತ ಮುಂಚೆ ತಲೆಯ ಮೇಲಿನ ಶ್ರೀಕಾರದ ಬಾಲ ಎತ್ತ ತಿರುಗಿದೆಯೆಂದು ನೋಡುತ್ತಾಳೆ. ಕಾರ್ಟೂನುಗಳಲ್ಲಿಯೂ ಹಾಗೆಯೇ. ನಡುವಿನ ಓಡಾಟ, ಬೀಳಾಟ, ತಲೆಯ ಮೇಲೆ ಬುಗುಟೆ ಏಳುವುದು, ಅದೆಲ್ಲ ಯಾರಿಗಾದರೂ ಇರಲಿ, ಅವಳಿಗೆ ಬೇಕಾದದ್ದು ಮೊದಲ ಹತ್ತು ಸೆಕೆಂಡು ಮತ್ತು ಕೊನೆಯ ನಾಲ್ಕು. ಮಾತಿಲ್ಲದ ಕಾಲದಲ್ಲಿ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ, ಅಷ್ಟೇ. ಕೆಲವರು ತಮ್ಮ ಕೈಯನ್ನೇ ಚೌಕಟ್ಟಿನೊಳಗೆ ತೂರಿಸಿ ಚಿತ್ರ ಬಿಡಿಸಿ ತೋರಿಸುತ್ತಿದ್ದರು. ಸದ್ದು ಬಂದ ಮೇಲೆ ಕಂಪನಿಗಳಿಗೆ ಜಂಬ ಬಂತು: ಪರದೆ ಸರಿಯತೊಡಗಿತು, ವಾದ್ಯ ಮೊಳಗಿತು, ಪ್ರಾಣಿಗಳು ಚೌಕಟ್ಟಿನಿಂದ ಮುಖ ಹೊರಗೆ ಚಾಚಿ ನಕ್ಕವು. ಬಣ್ಣ ಬಂದ ಮೇಲೆ ಲಾಂಛನದ ಸುತ್ತ ಉಂಗುರಗಳು ಬಂದವು, ಆ ಉಂಗುರಗಳ ದಪ್ಪ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿತು. ಐವತ್ತರ ದಶಕದಲ್ಲಿ ಅಕ್ಷರಗಳು ಚಪ್ಪಟೆಯಾಗಿ ರಂಗೋಲಿ ಚುಕ್ಕಿಯ ಹಾಗೆ ಮೂಲೆಮೂಲೆಗೆ ಚದುರಿದವು. ಅರವತ್ತರಲ್ಲಿ ಕೈ ಬಿಗಿಯಾಗಿ ಮೂರು ಸೆಕೆಂಡಿಗೆ ಶುರು, ಎರಡು ಸೆಕೆಂಡಿಗೆ ಮುಕ್ತಾಯ. ಇದೆಲ್ಲಕ್ಕಿಂತ ಅವಳನ್ನು ಕೆರಳಿಸಿದ ಸಂಗತಿ ಬೇರೆ ಇತ್ತು. ಕೆಲವು ಕಂಪನಿಗಳು ಹಳೆಯ ಚಿತ್ರವನ್ನು ಹಲವು ವರ್ಷದ ಮೇಲೆ ಮತ್ತೆ ಬಿಡುವಾಗ ಮೊದಲಿನ ಶೀರ್ಷಿಕೆಯನ್ನೇ ಕತ್ತರಿಸಿ, ಅದರಲ್ಲಿದ್ದ ಹೆಸರುಗಳ ಸಮೇತ ಎಸೆದು, ಹೊಸ ಲಾಂಛನ ಅಂಟಿಸುತ್ತಿದ್ದವು. ಗೀಚಿ ಗೀಚಿ ಬೆರಳು ಸವೆಸಿದವನ ಹೆಸರು ಕಸದ ಬುಟ್ಟಿಗೆ. ಯಾವ ದೇಶದವರೋ, ಸತ್ತು ಎಷ್ಟು ಕಾಲವಾಯಿತೋ, ಅವರ ಪರವಾಗಿ ಹೊಳಲ್ಕೆರೆಯ ಅಡುಗೆಮನೆಯಲ್ಲಿ ನಿಂತು ಬೃಂದಾಳಿಗೆ ನಿಜವಾಗಿ ಸಿಟ್ಟು ಬರುತ್ತಿತ್ತು.

ಇಂಥದ್ದನ್ನೇ ಹುಡುಕುವ ನಲವತ್ತು ಮಂದಿಯ ಒಂದು ಗುಂಪು ಇಂಟರ್‌ನೆಟ್ಟಿನಲ್ಲಿದೆ. ಆ ಗುಂಪಿನಲ್ಲಿ ಅವಳನ್ನು ಯಾರೂ ಕಾರ್ಟೂನ್ ಮೇಡಂ ಎನ್ನುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳು ಅಲ್ಲಿ ಒಂದು ಲೇಖನ ಹಾಕಿದಳು. ಬೇಗನೆ ಮುಚ್ಚಿಹೋದ ಒಂದು ಸಣ್ಣ ಕಂಪನಿಯ ಚಿತ್ರ ಅದು. ಕತ್ತೆಯೊಂದು ಹರಿದ ಬಲೂನಿಗೆ ತೇಪೆ ಹಾಕಿ ಹಾಕಿ ಕೊನೆಗೆ ಆಕಾಶಕ್ಕೆ ಏರುವ ಕತೆ. ಜಗತ್ತಿನಲ್ಲಿ ಉಳಿದಿರುವ ಮೂರು ಪ್ರತಿಗಳಲ್ಲಿಯೂ ಕೊನೆ ಹರಿದುಹೋಗಿದೆ. ಕತ್ತೆ ಏರುತ್ತಿರುವಾಗಲೇ ಕತ್ತಲಾಗುತ್ತದೆ. ಬೃಂದಾಳ ಬಳಿಯಿದ್ದ ತುಂಡಿನಲ್ಲಿ ಬಲೂನಿನ ಬುಟ್ಟಿಯಲ್ಲಿ ಕೂತ ಕತ್ತೆಯ ಐದು ಚೌಕಗಳು, ಅಂದರೆ ಫ್ರೇಮುಗಳು, ಇದ್ದವು, ಅದಕ್ಕೆ ತಾಗಿಕೊಂಡೇ ಕಂಪನಿಯ ಲಾಂಛನ: ಹಳದಿ ಉಂಗುರಗಳ ನಡುವೆ ಓಲಾಡುವ ಒಂದು ಗಂಟೆ. ಮುಗಿಯಿತು ಎಂಬ ಅಕ್ಷರ ಎಲ್ಲಿಯೂ ಇಲ್ಲ. ಎಲ್ಲ ಕಂಪನಿಗಳೂ ಕೊನೆಯಲ್ಲಿ ಮುಗಿಯಿತು ಎಂದು ಬರೆಯುತ್ತಿದ್ದ ಕಾಲದಲ್ಲಿ ಇವರೊಬ್ಬರು ಮಾತ್ರ ಅದನ್ನು ಬರೆಯದೆ, ಶುರುವಿನ ಗಂಟೆಯನ್ನೇ ಕೊನೆಗೂ ಬಾರಿಸಿ ಬಿಡುತ್ತಿದ್ದರು ಎಂದು ಅವಳು ವಾದಿಸಿದಳು. ಗುಂಪು ಒಪ್ಪಿತು. ಒಪ್ಪಿದ್ದಷ್ಟೇ ಅಲ್ಲ, ಆಮೇಲೆ ಯಾರು ಏನು ಬರೆದರೂ ಬೃಂದಾ ತೋರಿಸಿರುವಂತೆ ಎಂದು ಒಂದು ಸಾಲು ಇರುತ್ತಿತ್ತು. ಆ ಸಾಲನ್ನು ಅವಳು ಎಷ್ಟು ಸಲ ಓದಿಕೊಂಡಿದ್ದಾಳೋ.

ಈಗ ಪುಣೆಯ ಒಂದು ಲ್ಯಾಬು ಆ ಚಿತ್ರವನ್ನು ಸರಿಮಾಡುತ್ತಿದೆ. ಅಲ್ಲಿರುವ ಅಂಜನ್ ತುರುವನೂರಿನವನು, ತನ್ನ ಜಿಲ್ಲೆಯ ಟೀಚರೊಬ್ಬರ ಹೆಸರು ಇಂಥ ಕಡೆ ಕಂಡದ್ದಕ್ಕೆ ಫೋನಿನಲ್ಲಿ ಕುಣಿದಾಡಿದ್ದ. ಕೊನೆಯನ್ನು ಅವಳ ತುಂಡಿನ ಪ್ರಕಾರವೇ ಜೋಡಿಸಲಾಗಿದೆ, ಸೋಮವಾರ ಚಿತ್ರವನ್ನು ಅಖೈರು ಮಾಡುತ್ತಾರೆ, ಆಮೇಲೆ ಬದಲಾಯಿಸುವಂತಿಲ್ಲ. ಗಂಟೆಯ ನಂತರ ಒಂದು ಕಾರ್ಡು ಬರುತ್ತದೆ, ಅದರಲ್ಲಿ ಕೊನೆಯ ಶೀರ್ಷಿಕೆಯನ್ನು ಪತ್ತೆ ಮಾಡಿದವರು ಬೃಂದಾ, ಹೊಳಲ್ಕೆರೆ ಎಂದಿರುತ್ತದೆ. ಅದರ ಮಾದರಿಯನ್ನು ಅಂಜನ್ ಕಳಿಸಿದ್ದ. ಅವಳು ಅದನ್ನು ಲಕ್ಷ್ಮೀಕಾಂತನಿಗೂ ತೋರಿಸಿರಲಿಲ್ಲ. ಬೇರೆಯವರ ಹೆಸರುಗಳನ್ನು ಹುಡುಕಿ ಹುಡುಕಿ ಕಣ್ಣು ಮಂಜಾದವಳ ಹೆಸರು ಬೆಳ್ಳಿಪರದೆಯ ಮೇಲೆ ನಾಲ್ಕು ಸೆಕೆಂಡು ನಿಲ್ಲುತ್ತದೆ. ಚಿತ್ರಕ್ಕೆ ದುಡ್ಡು ಹಾಕಿದ ಸಂಸ್ಥೆ ಒಂದು ಪತ್ರ ಮಾತ್ರ ಕೇಳಿದೆಯಂತೆ, ಆ ತುಂಡನ್ನು ಕಾಪಾಡಿದ ಆಪರೇಟರಿನಿಂದ; ಬರೀ ಫಾರ್ಮಾಲಿಟಿ, ಮೇಡಂ ಎಂದಿದ್ದ ಅಂಜನ್.

ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹಿರಿಯೂರಿನ ಬಸ್ಸು ಹಿಡಿದಳು. ಹೈವೇಗೆ ಬಂದೊಡನೆ ಗಾಳಿ ಜೋರಾಯಿತು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಒಂದು ಮಾತ್ರ ಸುಮ್ಮನೆ ನಿಂತಿತ್ತು. ಅದೊಂದೇ ಯಾಕೆ ನಿಂತಿದೆ ಎಂದು ತಲೆ ತಿರುಗಿಸಿ ತಿರುಗಿಸಿ ನೋಡಿದಳು. ಬೇಸಿಗೆ ರಜೆಗೆ ಹೊಸದುರ್ಗದಿಂದ ಹಿರಿಯೂರಿನ ಚಿತ್ತಮ್ಮತ್ತೆಯ ಮನೆಗೆ ಹೋಗುವಾಗ ಇಂಥ ಯಂತ್ರಗಳಿರಲಿಲ್ಲ. ಆಗ ಅವಳಿಗೆ ಒಂಬತ್ತೋ ಹತ್ತೋ. ಅತ್ತೆಗೆ ಮ್ಯಾಟ್ನಿಯ ಹುಚ್ಚು. ಬಿಸಿಲಿನಿಂದ ಒಳಗೆ ಹೋದರೆ ಏನೂ ಕಾಣದು, ಅತ್ತೆಯ ಸೆರಗು ಹಿಡಿದು ಹೆಂಗಸರ ಬೆಂಚು ತಡಕಬೇಕು, ಕೂತ ಮೇಲೆ ಕಾರ್ಟೂನು. ದೊಡ್ಡ ಸಿನಿಮಾದಲ್ಲಿ ಅವಳು ನಿದ್ದೆ ಮಾಡುತ್ತಿದ್ದಳು. ಆದರೆ ಆ ಗಂಟೆ ನೆನಪಿತ್ತು. ಶುರುವಿಗೆ ಒಮ್ಮೆ, ಕತ್ತೆ ಆಕಾಶಕ್ಕೆ ಹೋದ ಮೇಲೆ ಕೊನೆಗೆ ಮತ್ತೊಮ್ಮೆ. ಎರಡನೇ ಗಂಟೆಗೆ ಬೆಂಚುಗಳು ಕಿರುಗುಟ್ಟುತ್ತಿದ್ದವು, ಅತ್ತೆ ಕಾಲು ಮಡಚಿ ಸರಿಯಾಗಿ ಕೂರುತ್ತಿದ್ದಳು. ಇದನ್ನು ಅವಳು ಕಂಡಿದ್ದಳು, ತನ್ನ ಕಣ್ಣಿನಿಂದಲೇ ಕಂಡಿದ್ದಳು. ಲೇಖನ ಬರೆಯುವಾಗ ಧೈರ್ಯ ಕೊಟ್ಟದ್ದೇ ಆ ನೆನಪು.

ಧೈರ್ಯ ಯಾಕೆ ಬೇಕಾಗಿತ್ತು ಎಂಬ ಪ್ರಶ್ನೆ ಅಲ್ಲಿ ಎದ್ದು ನಿಂತಿತು. ಅವಳು ಕಿಟಕಿಯ ಗಾಜು ಸರಿಸಿ ಮುಖಕ್ಕೆ ಗಾಳಿ ಹೊಡೆಸಿಕೊಂಡಳು. ಕತ್ತೆಯ ಐದನೇ ಚೌಕಕ್ಕೂ ಗಂಟೆಯ ಮೊದಲ ಚೌಕಕ್ಕೂ ನಡುವೆ ಒಂದು ಗೆರೆಯಿದೆ. ದುರ್ಗದ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿದಾಗ ಅದು ಕೂದಲಿನಷ್ಟು ತೆಳ್ಳಗೆ ಕಂಡಿತ್ತು. ಕಂಪನಿಯವರು ಮೂಲ ನೆಗೆಟಿವಿನಲ್ಲೇ ಅಂಟಿಸಿದ್ದು ಪ್ರತಿಯಲ್ಲಿ ಅಚ್ಚಾಗಿ ಬಂದ ಗೆರೆ ಎಂದು ಅವಳು ಬರೆದಿದ್ದಳು, ಅಂಥದ್ದು ಇರುತ್ತದೆ. ಅಚ್ಚಾದ ಗೆರೆಯಾದರೆ ಫಿಲ್ಮು ಅಲ್ಲಿ ನುಣ್ಣಗಿರಬೇಕು. ಅವಳ ತುಂಡಿನಲ್ಲಿ ಆ ಜಾಗದಲ್ಲಿ ಹೆಬ್ಬೆರಳಿನ ಉಗುರು ಹಾಯಿಸಿದರೆ ತಡೆಯುತ್ತದೆ. ಒಂದರ ಮೇಲೊಂದು ಕೂತ ದಪ್ಪ, ಅಂದರೆ ಈ ಪ್ರತಿಯಲ್ಲೇ ಯಾರೋ ಕೈಯಿಂದ ಅಂಟಿಸಿದ್ದು. ಟಾಕೀಸಿನ ಕಟ್ಟಡ ಕೆಡವಿ ಕಲ್ಯಾಣಮಂಟಪ ಕಟ್ಟುವಾಗ ಪರಮೇಶ್ವರಪ್ಪ ಆ ಡಬ್ಬಿಯನ್ನು ಅವಳ ಕೈಗಿಟ್ಟಿದ್ದರು, ಮನೆಗೆ ತಂದು ದೀಪದ ಕೆಳಗೆ ಹಿಡಿದು ಮೊದಲ ಸಲ ಉಗುರು ಹಾಯಿಸಿದಾಗಲೇ ಅದು ತಡೆದಿತ್ತು. ಉಗುರಿನ ತಪ್ಪಿರಬಹುದು ಎಂದುಕೊಂಡಳು. ಸ್ಕ್ಯಾನಿನಲ್ಲಿ ದಪ್ಪ ಕಾಣುವುದಿಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇನ್ನೊಂದು ಸಂಗತಿ: ಗಾಳಿಯಂತ್ರ ಯಾಕೆ ನಿಂತಿದೆ ಎಂದು ಕೇಳುವ ಹೆಂಗಸು, ಎರಡು ಗಂಟೆ ದಾರಿಯಲ್ಲಿ ಬದುಕಿರುವ ಆಪರೇಟರನ್ನು ಹನ್ನೊಂದು ವರ್ಷ ಒಂದು ಮಾತು ಕೇಳಿರಲಿಲ್ಲ.

ಪರಮೇಶ್ವರಪ್ಪನವರಿಗೆ ಎಂಬತ್ನಾಲ್ಕು. ವೇದಾವತಿಯ ಸೇತುವೆ ದಾಟಿ ಎರಡನೇ ಓಣಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತಂತೆ, ಕರಿ ಕನ್ನಡಕ ಹಾಕಿಕೊಂಡು ಹೊಸಿಲಿನ ಹತ್ತಿರವೇ ಕುರ್ಚಿಯಲ್ಲಿ ಕಾಯುತ್ತಿದ್ದರು. ಡ್ರಾಯಿಂಗ್ ಮೇಡಂ ಬಂದರು ಎಂದು ಒಳಗೆ ಕೂಗಿ, ಕುಂತ್ಕಳ್ರಿ ಕುಂತ್ಕಳ್ರಿ ಎಂದು ತಾವೇ ಎದ್ದು ನಿಂತುಬಿಟ್ಟರು. ಸೊಸೆ ರಂಜಿತಾ ಮಂಡಕ್ಕಿ ಒಗ್ಗರಣೆ, ಟೀ ತಂದಿಟ್ಟು, ನೀವು ಫೋನ್ ಮಾಡಿದಾಗಿನಿಂದ ಮಾವ ಮೂರು ಸಲ ಶರ್ಟು ಬದಲಾಯಿಸಿದ್ದಾರೆ ಎಂದು ನಕ್ಕಳು. ಬೃಂದಾ ಬಂದ ಕೆಲಸ ಹೇಳಿದಳು. ಪುಣೆ, ಲ್ಯಾಬು, ಕತ್ತೆ, ಪತ್ರ. ಹೇಳುವಾಗ ಮಾತು ಬೇಗ ಬೇಗ ಬರುತ್ತಿತ್ತು. ಹಾಳೆಯನ್ನು ಮೊದಲು ಹೊರತೆಗೆದಳು, ಮುದುಕರು ಹಾಳೆ ನೋಡಲಿಲ್ಲ, ಫಿಲ್ಮು ತಂದಿದ್ದೀರಾ ಎಂದು ಕೈ ಚಾಚಿದರು.

ಡಬ್ಬಿಯಿಂದ ತೆಗೆದುಕೊಟ್ಟದ್ದನ್ನು ಅವರು ಬಾಗಿಲ ಬೆಳಕಿಗೆ ಹಿಡಿದರು. ಅಂಚು ಮಾತ್ರ ಮುಟ್ಟಿ, ನಡುವೆ ಬೆರಳು ತಾಗದ ಹಾಗೆ, ಒಂದು ಕೈಯಿಂದ ಇನ್ನೊಂದು ಕೈಗೆ ಇಳಿಬಿಡುತ್ತ ಹೋದರು.  ಚೌಕ ಎಣಿಸುವುದಕ್ಕೂ ಹೋಗಲಿಲ್ಲ. ಸರಿಯಾಗಿ ಆ ಜಾಗಕ್ಕೆ ಬಂದು ಹೆಬ್ಬೆರಳಿನ ಉಗುರು ನಿಲ್ಲಿಸಿದರು.

"ಇಲ್ಲಿ ಜಾಯಿಂಟ್ ಐತಲ್ಲ ಮೇಡಂ, ಇದು ನಂದೇ ಕೈ."

ಅವಳು ಮಂಡಕ್ಕಿಯ ತಟ್ಟೆ ನೋಡುತ್ತಿದ್ದಳು. ಎದೆ ಹೊಡೆದುಕೊಳ್ಳುವುದು ನಿಂತಿತ್ತು. ಇದು ಅವಳಿಗೇ ವಿಚಿತ್ರವೆನಿಸಿತು: ಹನ್ನೊಂದು ವರ್ಷ ಯಾವ ಮಾತಿಗೆ ಹೆದರಿದ್ದಳೋ ಅದು ಬಂದ ಕೂಡಲೇ ಹೆದರಿಕೆಯ ಜಾಗಕ್ಕೆ ಕುತೂಹಲ ಬಂದು ಕೂತಿತ್ತು. ಯಾಕೆ ಅಂಟಿಸಿದಿರಿ ಎಂದು ಕೇಳಿದಳು. ಕೇಳಿದ ದನಿ ಕ್ಲಾಸಿನಲ್ಲಿ ಮುಂದಿನ ಬೆಂಚಿನ ಹುಡುಗಿಯ ದನಿಯ ಹಾಗಿತ್ತು.

ಅದಕ್ಕೆ ಕಾರಣ ತಿಪ್ಪಮ್ಮನವರಂತೆ, ಟಾಕೀಸಿನ ಒಡತಿ. ಮೊದಲನೇ ದಿನ, ಮೊದಲನೇ ಮ್ಯಾಟ್ನಿ. ಪರದೆಗೆ ಪೂಜೆ ಮಾಡಿ, ಕಾಯಿ ಒಡೆದು, ಊರಿನ ದೊಡ್ಡವರನ್ನೆಲ್ಲ ಕೂರಿಸಿ ಕಾರ್ಟೂನು ಬಿಟ್ಟರು. ಕಾರ್ಟೂನು ಮುಗಿದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮುಗಿಯಿತು ಎಂದು ಬಂತು, ಬಂದ ಗಳಿಗೆಗೇ ಕರೆಂಟು ಹೋಯಿತು. ಹೋದದ್ದು ಮೂರು ದಿನ ಬರಲಿಲ್ಲ. ದೊಡ್ಡ ಸಿನಿಮಾ ಶುರುವಾಗಲೇ ಇಲ್ಲ. ತಿಪ್ಪಮ್ಮನವರು ಮೆಷಿನ್ ರೂಮಿನ ಮೆಟ್ಟಿಲು ಹತ್ತಿ ಬಂದರಂತೆ, ಅದೇ ಮೊದಲು ಅದೇ ಕೊನೆ ಅವರು ಅಲ್ಲಿಗೆ ಬಂದದ್ದು. "ಶುರುವಾಗಕಿಂತ ಮುಂಚೇನೆ ಮುಗೀತು ಅಂತ ನನ್ ಪರದೆ ಮ್ಯಾಲೆ ಬರಬಾರದು ಪರಮೇಶ್ವರಪ್ಪ" ಎಂದರಂತೆ. ಅವತ್ತಿನಿಂದ ಟಾಕೀಸಿಗೆ ಬಂದ ಒಂದೊಂದು ಕಾರ್ಟೂನಿನ ಕೊನೆಯನ್ನೂ ಪರಮೇಶ್ವರಪ್ಪ ಶೋಗೆ ಮುಂಚೆ ಕತ್ತರಿಸಿದರು. ಕತ್ತರಿಸಿ ಸುಮ್ಮನೆ ಬಿಟ್ಟರೆ ಪರದೆ ಬೆಳ್ಳಗಾಗಿ ಜನ ಸಿಳ್ಳೆ ಹಾಕುತ್ತಾರೆ. ಅದಕ್ಕೆ, ಯಾವುದೋ ಹರಿದ ರೀಲಿನಿಂದ ಉಳಿದಿದ್ದ ಈ ಗಂಟೆಯ ತುಂಡನ್ನು ಅಂಟಿಸುತ್ತಿದ್ದರು. ಗಂಟೆ ಅಂದರೆ ಶುಭ, ತಿಪ್ಪಮ್ಮನವರಿಗೂ ಒಪ್ಪಿಗೆಯಾಯಿತು. ಚಿತ್ರ ವಾಪಸು ಹೋಗುವ ದಿನ ಗಂಟೆ ಬಿಚ್ಚಿ, ಬೆಂಕಿಪೊಟ್ಟಣಕ್ಕೆ ಸುತ್ತಿಟ್ಟಿದ್ದ ನಿಜವಾದ ಕೊನೆಯನ್ನು ಮತ್ತೆ ಸೇರಿಸಿ ಕಳಿಸುವುದು. ಬಿಚ್ಚುವಾಗ ಗಂಟೆಗೆ ಪೆಟ್ಟಾಗಬಾರದೆಂದು ಒಂದೈದು ಚೌಕ ಆಚೆಯಿಂದಲೇ ಕತ್ತರಿ ಹಾಕುತ್ತಿದ್ದರು; ಕೊನೆಯ ಸಲ ಹಾಗೆ ಗಂಟೆಗೆ ಅಂಟಿಕೊಂಡು ಉಳಿದದ್ದು ಕತ್ತೆಯ ಚೌಕಗಳು. ಟಾಕೀಸಿನ ಆಯಸ್ಸು ಇರುವವರೆಗೆ ಒಂದು ಪೆಟ್ಟಿಗೆಯೂ ಕೊನೆಯಿಲ್ಲದೆ ಊರು ಬಿಟ್ಟಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳಿದರು.

ಹಾಗಾದರೆ ಬೇರೆ ಕಂಪನಿಗಳ ಕಾರ್ಟೂನಿಗೂ ಇದೇ ಗಂಟೆಯೇ ಎಂದು ಬೃಂದಾ ಕೇಳಿದಳು. ಎಲ್ಲದಕ್ಕೂ ಇದೇ, ಬೇರೆ ಎಲ್ಲಿಂದ ತರಲಿ ಎಂದರು ಮುದುಕರು. ಅವಳಿಗೆ ಆಗ ಒಂದೊಂದೇ ನೆನಪಾಗತೊಡಗಿತು. ಬೆಕ್ಕೊಂದು ಬಾವಿಗೆ ಬಿದ್ದ ಮೇಲೆ ಗಂಟೆ. ಬಾತುಕೋಳಿ ಹಡಗು ಮುಳುಗಿಸಿದ ಮೇಲೆ ಗಂಟೆ. ಎಲ್ಲವೂ ಗಂಟೆಯಲ್ಲೇ ಮುಗಿಯುತ್ತಿದ್ದವು, ಮುಗಿಯುತ್ತಿದ್ದವು ಎನ್ನುವುದೂ ತಪ್ಪು, ಆ ಊರಿನಲ್ಲಿ ಕಾರ್ಟೂನು ಮುಗಿದದ್ದನ್ನು ಯಾರೂ ಕಂಡಿರಲಿಲ್ಲ. ಕತ್ತೆಯೊಂದನ್ನೇ ಇಟ್ಟುಕೊಂಡು ಮಿಕ್ಕಿದ್ದನ್ನು ಅವಳ ನೆನಪು ಬಿಟ್ಟುಬಿಟ್ಟಿತ್ತು, ಅವಳಿಗೆ ಅಷ್ಟೇ ಬೇಕಾಗಿತ್ತು. ಒಂದೂರಿನ ಜನ ಬೇರೆ ಯಾರೂ ನೋಡದ ಕೊನೆಯನ್ನು ವರ್ಷಗಟ್ಟಲೆ ನೋಡಿದ್ದಾರೆ, ಅವರಿಗೆ ಅದು ಗೊತ್ತೂ ಇಲ್ಲ. ಎಂಥ ಸೊಗಸಾದ ವಿಷಯ ಎಂದು ಖುಷಿಯಾಯಿತು. ಗುಂಪಿಗೆ ಬರೆದರೆ ಎಲ್ಲರೂ ಎದ್ದು ಕೂರುತ್ತಾರೆ ಎಂದುಕೊಂಡಳು. ಮರುಕ್ಷಣ, ಬರೆಯಬೇಕಾದರೆ ಏನೇನು ಬರೆಯಬೇಕಾಗುತ್ತದೆ ಎಂಬುದೂ ಹೊಳೆಯಿತು.

ಈ ಕತ್ತೆ ಎಲ್ಲೆಲ್ಲಿ ಓಡುತ್ತದೆ ಎಂದು ಪರಮೇಶ್ವರಪ್ಪ ಕೇಳಿದರು. ಮೊದಲು ಪುಣೆ, ಆಮೇಲೆ ಹೊರದೇಶದ ಉತ್ಸವಗಳು ಎಂದಳು. ಕೊನೆಗೆ ಈ ಗಂಟೆಯೇ ಬರುತ್ತದೆಯೇ ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಮುದುಕರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡು ಒಳಗಿನ ಸೊಸೆಗೆ ಕೂಗಿ ಹೇಳಿದರು.

"ರಂಜಿತಾ, ಕೇಳಿಸ್ತಾ? ನಾನ್ ಹಚ್ಚಿದ ಎಂಡು ಫಾರಿನ್ನಾಗೆ ಓಡ್ತೈತಂತೆ."

ಆಮೇಲೆ ಹಾಳೆ ಎಲ್ಲಿ ಎಂದು ಕೇಳಿ ತಾವೇ ಅವಳ ಮಡಿಲಿನಿಂದ ಎತ್ತಿಕೊಂಡರು. ಅದರಲ್ಲಿ ಬೃಂದಾ ಟೈಪು ಮಾಡಿಸಿದ್ದು ಮೂರೇ ಸಾಲು: ಈ ತುಂಡು ಕಂಪನಿಯಿಂದ ಬಂದ ಚಿತ್ರದ ಭಾಗವೆಂದೂ, ಬಂದ ಸ್ಥಿತಿಯಲ್ಲೇ ಇದೆಯೆಂದೂ, ಇದಕ್ಕೆ ಇಲ್ಲಿ ಏನನ್ನೂ ಸೇರಿಸಿಲ್ಲ ತೆಗೆದಿಲ್ಲವೆಂದೂ. ಓದಿ ಹೇಳುತ್ತೇನೆ ಎಂದು ಅವಳು ಬಾಯಿ ತೆರೆದಳು. ಟೀಚರು ಬರೆದದ್ದರಲ್ಲಿ ಓದುವುದೇನಿದೆ ಎಂದು ಅವರು ಪೆನ್ನು ಕೇಳಿದರು. ಅವಳು ಪೆನ್ನು ಕೊಟ್ಟಳು. ಕುರ್ಚಿಯ ಕೈ ಮೇಲೆ ಹಾಳೆ ಇಟ್ಟು, ನಾಲಿಗೆಯ ತುದಿ ಹೊರಗೆ ಹಾಕಿ, ಬಹಳ ಹೊತ್ತು ತೆಗೆದುಕೊಂಡು ಪೂರ್ತಿ ಹೆಸರು ಬರೆದರು, ಹೆಸರಿನ ಕೆಳಗೆ ಆಪರೇಟರ್ ಎಂದೂ ಬರೆದರು. ಅಷ್ಟು ಹೊತ್ತಿನಲ್ಲಿ ಬೇಡ ಎನ್ನಲು ಸಮಯವಿತ್ತು. ಹಾಳೆ ಕೊಡುತ್ತ ಅವರು ತಮ್ಮ ಹೆಸರೂ ಸಿನಿಮಾದಲ್ಲಿ ಬರುತ್ತದೆಯೇ ಎಂದು ಕೇಳಿದರು, ಕೇಳಿದ್ದಕ್ಕೆ ತಾವೇ ನಾಚಿಕೊಂಡು, ಬರದಿದ್ದರೂ ಚಿಂತೆಯಿಲ್ಲ, ಗಂಟೆ ಬಂದರೆ ಸಾಕು ಎಂದರು. ಹೊರಡುವಾಗ ರಂಜಿತಾ ಅರಿಶಿನ ಕುಂಕುಮ ಕೊಟ್ಟು, ಬ್ಲೌಸ್ ಪೀಸನ್ನೂ ಕೊಟ್ಟಳು. ಬೃಂದಾ ಎರಡೂ ಕೈಯಿಂದ ತೆಗೆದುಕೊಂಡಳು.

ಬಸ್ ಸ್ಟ್ಯಾಂಡಿನವರೆಗೆ ನಡೆದೇ ಬಂದಳು. ಬಿಸಿಲಿತ್ತು. ದುರ್ಗದ ಬಸ್ಸು ತುಂಬಿರಲಿಲ್ಲ, ಡ್ರೈವರಿನ ಹಿಂದಿನ ಸೀಟು ಸಿಕ್ಕಿತು. ಹತ್ತಿ ಕೂತ ಕೂಡಲೇ ಅಂಜನ್ ಫೋನು. ಸಿಕ್ಕಿತಾ ಮೇಡಂ ಎಂದ. ಸಿಕ್ಕಿತು ಎಂದಳು. ಸೂಪರ್, ಫೋಟೋ ತೆಗೆದು ಕಳಿಸಿಬಿಡಿ, ಸೋಮವಾರ ಬೆಳಿಗ್ಗೆ ಮುಗಿಸಿಬಿಡುತ್ತೇನೆ ಎಂದು, ಅಜ್ಜನ ಆರೋಗ್ಯ ಹೇಗಿದೆ ಎಂದೂ ಕೇಳಿ ಇಟ್ಟ. ಸಿಕ್ಕಿತು ಎಂದದ್ದು ಸುಳ್ಳೇನಲ್ಲ. ಹಾಳೆ ಮಡಿಲಿನಲ್ಲಿತ್ತು. ಫೋಟೋ ತೆಗೆಯಲು ಒಂದು ಬೆರಳು ಸಾಕು. ಮುದುಕರು ಯಾರಿಗೂ ಹೇಳುವವರಲ್ಲ, ಹೇಳಿದರೂ ಹಿರಿಯೂರಿನ ಓಣಿಯಲ್ಲಿ ಹೇಳುತ್ತಾರೆ. ಸ್ಕ್ಯಾನಿಗೆ ದಪ್ಪ ಕಾಣದು. ಮುದುಕರಿಗೂ ಗಂಟೆಯೇ ಬೇಕು. ಇಷ್ಟು ಎಲ್ಲರಿಗೂ ಒಳ್ಳೆಯದಾಗುವ ಸುಳ್ಳು ಸಿಗುವುದು ಅಪರೂಪ. ಅದನ್ನು ಒಡೆದರೆ ಅಂಜನ್ ಮೇಲಿನವರ ಮುಂದೆ ತಲೆ ತಗ್ಗಿಸಬೇಕು, ಪರಮೇಶ್ವರಪ್ಪ ಸೊಸೆಯ ಮುಂದೆ ಸಣ್ಣವರಾಗಬೇಕು, ತಾನು ಮತ್ತೆ ಬರೀ ಬ್ಯಾನರು ಬರೆಯುವವಳು. ಹೀಗೆ ಬೇರೆಯವರನ್ನು ಮುಂದೆ ನಿಲ್ಲಿಸಿ ತನ್ನನ್ನು ಕೊನೆಯಲ್ಲಿ ಸೇರಿಸಿಕೊಂಡದ್ದು ಅವಳಿಗೇ ಕಂಡು, ನಾಚಿಕೆಯಾಯಿತು. ಮುದುಕರ ಸಹಿ ನೋಡಿದಳು. ತಮ್ಮ ಕೆಲಸವನ್ನು ತಾವು ಮಾಡಿಲ್ಲ ಎಂದು ಅವರಿಂದಲೇ ಬರೆಸಿಕೊಂಡು ಬಂದಿದ್ದಳು. ಹೆಸರು ಕತ್ತರಿಸಿ ಎಸೆದ ಕಂಪನಿಗಳ ಮೇಲೆ ಅಡುಗೆಮನೆಯಲ್ಲಿ ನಿಂತು ಹಲ್ಲು ಕಡಿದವಳು ಇವಳೇ.

ಐಮಂಗಲ ಬಂತು. ಒಂದಿಬ್ಬರು ಇಳಿದರು, ಕುರಿ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡ ಒಬ್ಬ ಹತ್ತಿದ. ಬೃಂದಾ ಫೋನು ತೆಗೆದು ಅಂಜನ್‌ಗೆ ಬರೆಯತೊಡಗಿದಳು. ಕೊನೆಯ ಗಂಟೆ ಕಂಪನಿಯದಲ್ಲ, ಹಿರಿಯೂರಿನ ಟಾಕೀಸಿನಲ್ಲಿ ಪರಮೇಶ್ವರಪ್ಪನವರು ಅಂಟಿಸಿದ್ದು, ಎಂದು ಶುರುಮಾಡಿ, ಯಾಕೆ ಅಂಟಿಸಿದರೆಂಬುದನ್ನು ಬರೆದಳು. ಚಿತ್ರದಿಂದ ಗಂಟೆ ತೆಗೆಯಬೇಕು, ತನ್ನ ಹೆಸರಿನ ಕಾರ್ಡೂ ತೆಗೆಯಬೇಕು, ಎಲ್ಲಿಯಾದರೂ ಈ ಸಂಗತಿ ಬರೆದಿಡುವುದಾದರೆ ಪರಮೇಶ್ವರಪ್ಪನವರ ಪೂರ್ತಿ ಹೆಸರು ಹಾಕಬೇಕು. ಮುಂದಿನ ಶನಿವಾರ ಹಿರಿಯೂರಿಗೆ ಹೋಗಿ ತಾನೇ ಅವರಿಗೆ ವಿಷಯ ತಿಳಿಸುತ್ತೇನೆ, ಸಹಿ ಮಾಡಿದ ಹಾಳೆಯನ್ನೂ ಅವರಿಗೇ ವಾಪಸು ಕೊಡುತ್ತೇನೆ. ಇದು ನನಗೆ ಇವತ್ತು ಗೊತ್ತಾಯಿತು, ಎಂದು ಕೊನೆಯ ಸಾಲು ಬರೆದು ಓದಿಕೊಂಡಳು. ಪತ್ರ ಚೆನ್ನಾಗಿತ್ತು. ಪ್ರಾಮಾಣಿಕಳಾದ ಒಬ್ಬ ಸಂಶೋಧಕಿಯ ಪತ್ರದ ಹಾಗಿತ್ತು. ಇದನ್ನು ಓದಿದ ಅಂಜನ್ ತನ್ನನ್ನು ಇನ್ನೂ ಮೆಚ್ಚಿಕೊಳ್ಳುತ್ತಾನೆ ಎಂಬುದು ಅವಳಿಗೆ ಖಚಿತವಾಗಿ ತಿಳಿಯಿತು. ಗುಂಪಿನವರೂ ಮೆಚ್ಚುತ್ತಾರೆ, ಇದನ್ನೂ ಬೃಂದಾ ತೋರಿಸಿರುವಂತೆ ಎಂದು ಬರೆದುಕೊಳ್ಳುತ್ತಾರೆ.

ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ಮತ್ತೆ ತೆಗೆದಳು. ಆ ಕೊನೆಯ ಸಾಲನ್ನು ಅಳಿಸಿದಳು. ಅದು ಇಲ್ಲದಿದ್ದರೂ ಪತ್ರ ನಡೆಯುತ್ತಿತ್ತು. ಬಸ್ಸು ಟೋಲ್ ದಾಟುವವರೆಗೂ ಫೋನನ್ನು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ, ಅಂಟಿದ ಜಾಗ ಉಗುರಿಗೆ ಸಿಗುತ್ತದೆ, ಅದು ನನಗೆ ಮೊದಲೇ ಗೊತ್ತಿತ್ತು, ನಾನು ಹೇಳಲಿಲ್ಲ ಎಂದು ಬರೆದು, ಓದಿಕೊಳ್ಳದೆ ಕಳಿಸಿದಳು.

ಅಂಜನ್ ಓದಿದ. ಓದಿದ ಗುರುತು ಬಂತು. ಬರೆಯುತ್ತಿದ್ದಾನೆ ಎಂದು ತೋರಿಸಿತು, ನಿಂತಿತು, ಮತ್ತೆ ಬರೆಯುತ್ತಿದ್ದಾನೆ ಎಂದು ತೋರಿಸಿತು. ಏನು ಬರೆಯಬಹುದೆಂದು ಅವಳಿಗೆ ಈ ಗಳಿಗೆಯಲ್ಲಿಯೂ ಕುತೂಹಲವಿತ್ತು, ಅದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ದುರ್ಗದ ಮೊದಲ ಸ್ಟಾಪಿನಲ್ಲಿ ಕಂಡಕ್ಟರು ಸೀಟಿ ಊದಿದ. ಮರಿ ಹೊತ್ತವನು ಎದ್ದು ನಿಂತ. ಫೋನಿನಲ್ಲಿ ಒಂದೇ ಮಾತು ಬಂದಿತ್ತು.

"ಯಾವಾಗಿಂದ?"

ಲೇಖನ ಬರೆದಾಗ ಅಷ್ಟು ಖಾತ್ರಿಯಿರಲಿಲ್ಲ ಎನ್ನಬಹುದಿತ್ತು. ಈಚೀಚೆಗೆ ಅನುಮಾನ ಬಂತು ಎನ್ನಬಹುದಿತ್ತು. ಎರಡನ್ನೂ ಅವಳು ಮನಸ್ಸಿನಲ್ಲಿ ಬರೆದು ನೋಡಿದಳು, ಎರಡೂ ಚೆನ್ನಾಗಿಯೇ ಇದ್ದವು.

"ಮೊದಲ್ನೇ ದಿನದಿಂದ" ಎಂದು ಬರೆದು ಕಳಿಸಿದಳು.